ದಾದರಿನ ತಾಯಂದಿರ ತಿಂಗಳ ಲೆಕ್ಕ

ದಾದರ್ ಪಶ್ಚಿಮದ ಕೇಶವಸುತ ಮೇಲ್ಸೇತುವೆಯ ಆಸುಪಾಸಿನಲ್ಲಿ ನಸುಕಿಗೇ ನೆರೆಯುವ ತರಕಾರಿ ಸಂತೆಯನ್ನು ಬಲ್ಲವರಿಗೆ ಅಲ್ಲಿನ ಗಿರಾಕಿಗಳಲ್ಲಿ ಎರಡು ವರ್ಗಗಳಿರುವುದು ಗೊತ್ತಿರುತ್ತದೆ. ಒಂದು, ಗೋಣಿಗಟ್ಟಲೆ ಒಯ್ಯುವ ಹೋಟೆಲಿನವರು ಮತ್ತು ಚಿಲ್ಲರೆ ವ್ಯಾಪಾರಿಗಳು. ಇನ್ನೊಂದು, ಮಕ್ಕಳು ಏಳುವ ಮೊದಲೇ ಬಟ್ಟೆಯ ಚೀಲ ಹಿಡಿದು ಬಂದು, ವಾರಕ್ಕಾಗುವಷ್ಟು ಈರುಳ್ಳಿ, ಬಟಾಟೆ, ಮೆಂತ್ಯದ ಜೂಡಿಗಳನ್ನು ಕೊಂಡು, ಏಳು ಗಂಟೆಯೊಳಗೆ ಮನೆ ಸೇರುವ ಗೃಹಿಣಿಯರು. ವ್ಯಾಪಾರಿ ಅವರನ್ನು 'ತಾಈ' ಎಂದು ಕರೆಯುತ್ತಾನೆ. ಮರಾಠಿಯಲ್ಲಿ ಅದು ಅಕ್ಕ ಎಂಬ ಅರ್ಥದ ಮಾತು. ಕನ್ನಡದ ಕಿವಿಗೆ ಮಾತ್ರ 'ತಾಯಿ' ಎಂದೇ ಕೇಳಿಸುತ್ತದೆ. ಆಕೆಯ ಮಟ್ಟಿಗೆ ಎರಡೂ ನಿಜ. ಓಣಿಯ ಗಾಡಿಯವನಲ್ಲಿ ಪಾವ್‌ಕಿಲೋ ಲೆಕ್ಕದಲ್ಲಿ ಕೊಳ್ಳುವುದಕ್ಕೂ ಇಲ್ಲಿ ಎರಡು ಮೂರು ಕಿಲೋ ಒಟ್ಟಿಗೆ ಕೊಳ್ಳುವುದಕ್ಕೂ ಇರುವ ಅಂತರವೇ ಆಕೆಯ ಗಳಿಕೆ. ಆ ಗಳಿಕೆಗಾಗಿ ಆಕೆ ಕೊಟ್ಟದ್ದು ಒಂದೂವರೆ ತಾಸಿನ ನಿದ್ದೆ.

ಬೆಲೆಯೇರಿಕೆಯ ಬಗ್ಗೆ ಬರೆಯುವಾಗ ಪತ್ರಿಕೆಗಳು ಹಣದುಬ್ಬರದ ಶೇಕಡಾವಾರು ಅಂಕಿಯನ್ನು ಕೊಟ್ಟು ಸುಮ್ಮನಾಗುವುದು ವಾಡಿಕೆ. ಎಳೆಯ ಮಕ್ಕಳಿರುವ ಮನೆಯ ತಾಯಿಗೆ ಆ ಅಂಕಿಯಿಂದ ಏನೂ ತಿಳಿಯದು. ಆದುದರಿಂದ ಕಳೆದ ಒಂದೆರಡು ವರ್ಷಗಳ ಕೆಲವು ನಿರ್ಧಾರಗಳನ್ನು ಆಕೆಯ ಲೆಕ್ಕದ ಪುಸ್ತಕದಲ್ಲಿಟ್ಟು ನೋಡುವುದು ಒಳಿತೆಂದು ನಮಗೆ ತೋರುತ್ತದೆ.

2025ರ ಮೇ 9ರಿಂದ ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ಹವಾನಿಯಂತ್ರಿತ ಬಸ್ಸಿನದು 6ರಿಂದ 12ಕ್ಕೆ. 2019ರ ಜುಲೈಯಲ್ಲಿ ದರವನ್ನು ಇಳಿಸಿ ಜನರನ್ನು ಮರಳಿ ಬಸ್ಸಿಗೆ ಕರೆತಂದ ಸಂಸ್ಥೆಯೇ ಹೀಗೆ ಒಮ್ಮೆಲೇ ಇಮ್ಮಡಿಗೊಳಿಸಿತು. ಬೆಸ್ಟ್‌ನ ನಷ್ಟದ ಕಥೆ ಎಲ್ಲರಿಗೂ ತಿಳಿದದ್ದೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಗುವನ್ನು ಶಾಲೆಗೆ ಬಿಟ್ಟು ಮನೆಗೆ ಬಂದು, ಮಧ್ಯಾಹ್ನ ಮತ್ತೆ ಹೋಗಿ ಕರೆತರುವ ತಾಯಿ ದಿನಕ್ಕೆ ನಾಲ್ಕು ಸಲ ಬಸ್ಸು ಹತ್ತುತ್ತಾಳೆ. ತಿಂಗಳಿಗೆ 25 ಶಾಲಾ ದಿನಗಳೆಂದರೆ, ಮಗುವಿನ ಟಿಕೇಟನ್ನು ಬಿಟ್ಟರೂ, 500 ರೂಪಾಯಿಯ ಖರ್ಚು ಸಾವಿರವಾಯಿತು. ಉಪನಗರಗಳಲ್ಲಾದರೆ ಶೇರ್ ರಿಕ್ಷಾ ಇದೆ; ದಾದರಿಗೆ ರಿಕ್ಷಾಗಳ ಪ್ರವೇಶವೇ ಇಲ್ಲ. ಟ್ಯಾಕ್ಸಿಯ ಕನಿಷ್ಠ ದರ ಅದೇ ವರ್ಷದ ಫೆಬ್ರವರಿಯಲ್ಲಿ 28ರಿಂದ 31ಕ್ಕೆ ಏರಿತ್ತು. ಉಳಿದದ್ದು ನಡಿಗೆ. ಹಿಂದೂ ಕಾಲೊನಿಯ ಗಲ್ಲಿಗಳಲ್ಲಿ, ಶಿವಾಜಿ ಪಾರ್ಕಿನ ಕಟ್ಟೆಯ ಬದಿಯಲ್ಲಿ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಮಗುವಿನ ಚೀಲವನ್ನೂ ಹಿಡಿದು ನಡೆಯುವ ತಾಯಂದಿರನ್ನು ವ್ಯಾಯಾಮಕ್ಕೆ ಹೊರಟವರೆಂದು ಭಾವಿಸಬೇಕಾಗಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳಲ್ಲಿ ಕಡಿತವಾಯಿತು. ಸಾಬೂನು, ಹಲ್ಲುಪೇಸ್ಟು, ಶಾಂಪೂ, ತಲೆಯೆಣ್ಣೆ, ಬಿಸ್ಕತ್ತುಗಳ ಮೇಲಿನ ತೆರಿಗೆ ಶೇ. 18ರಿಂದ 5ಕ್ಕಿಳಿಯಿತು, ಬೆಣ್ಣೆ, ತುಪ್ಪ, ಮಗುವಿನ ಹಾಲಿನ ಬಾಟಲಿ, ಡಯಾಪರ್‌ಗಳದು 12ರಿಂದ 5ಕ್ಕೆ. ಬರೆಯುವ ಪುಸ್ತಕ, ಪೆನ್ಸಿಲು, ರಬ್ಬರು, ಬಣ್ಣದ ಕಡ್ಡಿಗಳ ಮೇಲೆ ತೆರಿಗೆಯೇ ಇಲ್ಲದಾಯಿತು. ಇದು ಸ್ವಾಗತಾರ್ಹ ಕ್ರಮವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿ ನೋಡೋಣ. ಶೇ. 18ರ ಪಟ್ಟಿಯಲ್ಲಿದ್ದ ವಸ್ತುಗಳಿಗೆ ಒಂದು ಮನೆ ತಿಂಗಳಿಗೆ 2,000 ರೂಪಾಯಿ ವೆಚ್ಚ ಮಾಡುತ್ತಿತ್ತೆಂದು ಇಟ್ಟುಕೊಂಡರೆ, ಕಡಿತದ ಲಾಭ ಪೂರ್ತಿಯಾಗಿ ಗಿರಾಕಿಗೇ ತಲಪಿದರೂ ಉಳಿಯುವುದು ಸುಮಾರು 220 ರೂಪಾಯಿ. ಬಸ್ಸಿನ ಏರಿಕೆಯ ಅರ್ಧವೂ ಅದರಲ್ಲಿ ತುಂಬದು. ಇನ್ನು ಪೊಟ್ಟಣದಲ್ಲಿ ಬರುವ ನಿತ್ಯದ ಹಾಲಿಗೆ ಮೊದಲೂ ತೆರಿಗೆಯಿರಲಿಲ್ಲ. ಸಾವಿರ ರೂಪಾಯಿಯೊಳಗಿನ ಸಮವಸ್ತ್ರಕ್ಕೆ ಮೊದಲೂ ಶೇ. 5 ಇತ್ತು, ಈಗಲೂ ಅಷ್ಟೇ. ಕೋಚಿಂಗ್ ತರಗತಿಗಳ ಮೇಲಿನ ಶೇ. 18 ಹಾಗೆಯೇ ಉಳಿಯಿತು.

ಪೊಟ್ಟಣದ ಮಾತು ಬಂದುದರಿಂದ ಇನ್ನೊಂದು ವಿಷಯ. ಐದು ರೂಪಾಯಿಯ ಬಿಸ್ಕತ್ತು ಇಪ್ಪತ್ತು ವರ್ಷಗಳ ಹಿಂದೆಯೂ ಐದು ರೂಪಾಯಿಗಿತ್ತು. ತೂಕ ಮಾತ್ರ ವರ್ಷದಿಂದ ವರ್ಷಕ್ಕೆ ಕರಗುತ್ತ ಬಂತು. ಮೊದಲು ಬಿಸ್ಕತ್ತು, ಚಹಾ, ಎಣ್ಣೆ ಮುಂತಾದವುಗಳನ್ನು ನಿಗದಿತ ತೂಕಗಳಲ್ಲಿಯೇ ಮಾರಬೇಕೆಂಬ ನಿಯಮವಿತ್ತು. 2021ರ ತಿದ್ದುಪಡಿಯಲ್ಲಿ ಆ ಕಟ್ಟುಪಾಡನ್ನು ತೆಗೆದು, ಅದರ ಬದಲು ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಬೆಲೆ ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸುವುದನ್ನು ಕಡ್ಡಾಯ ಮಾಡಲಾಯಿತು. ಎಂ.ಆರ್.ಪಿ.ಯ ಹತ್ತಿರವೇ ಇರುವ ಆ ಪುಟ್ಟ ಅಕ್ಷರದ ಸಾಲನ್ನು ಓದುವವರು ಎಷ್ಟು ಮಂದಿ? ದೊಡ್ಡ ಪೊಟ್ಟಣ ಅಗ್ಗ ಎಂಬ ನಮ್ಮ ಅಮ್ಮಂದಿರ ಕಾಲದ ತಿಳಿವಳಿಕೆ ಈಗ ಎಲ್ಲ ಸಲವೂ ನಿಜವಾಗುವುದಿಲ್ಲ. ಎರಡು ಕೊಂಡರೆ ಒಂದು ಉಚಿತ ಎಂಬ ಫಲಕದ ಅಡಿಯಲ್ಲಿಯೂ ಗ್ರಾಂ ಲೆಕ್ಕವನ್ನೇ ನೋಡಬೇಕು. ಕನ್ನಡಕ ಬೇಕಾದೀತು.

ಕೇಂದ್ರ ಸರಕಾರದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರಗಳಲ್ಲಿ ತಲಾ ಮಾಸಿಕ ವೆಚ್ಚ ಸರಾಸರಿ 6,996 ರೂಪಾಯಿ. ಅದರಲ್ಲಿ ಆಹಾರದ ಪಾಲು ಶೇ. 40ಕ್ಕಿಂತ ತುಸು ಕಡಿಮೆ. ನಮ್ಮ ಗಮನ ಸೆಳೆದದ್ದು ಮುಂದಿನ ವಿವರ: ಆಹಾರದೊಳಗೆ ಅತ್ಯಂತ ದೊಡ್ಡ ಪಾಲು ಧಾನ್ಯದ್ದೂ ಅಲ್ಲ, ಹಾಲಿನದೂ ಅಲ್ಲ, ಪಾನೀಯ, ಸಿದ್ಧ ತಿಂಡಿ, ಸಂಸ್ಕರಿತ ಆಹಾರಗಳದು. ಒಟ್ಟು ವೆಚ್ಚದ ಸುಮಾರು ಶೇ. 11 ಅಲ್ಲಿಗೆ ಹೋಗುತ್ತದೆ. ಇದನ್ನು ಕಂಡು ಇಂದಿನ ತಾಯಂದಿರು ಸೋಮಾರಿಗಳಾದರೆಂದು ತೀರ್ಪು ಕೊಡುವ ಹಿರಿಯರು ನಮ್ಮ ಸಮಾಜದಲ್ಲಿ ಕಡಿಮೆಯೇನಿಲ್ಲ. ಮಾಟುಂಗದ ಅಂಗಡಿಗಳಲ್ಲಿ ಇಡ್ಲಿ-ದೋಸೆ ಹಿಟ್ಟನ್ನು ಕೊಳ್ಳುವ ಸೊಸೆಯನ್ನು ಕುರಿತು, "ನಾವು ಒರಳಲ್ಲಿ ರುಬ್ಬುತ್ತಿದ್ದೆವು ಮಾರಾಯ್ತಿ" ಎಂದು ಅತ್ತೆ ಹೇಳುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮನೆಯಲ್ಲಿ ನೆನೆಸಿ ರುಬ್ಬಿದರೆ ಹಣ ಉಳಿಯುತ್ತದೆ, ಸುಳ್ಳಲ್ಲ. ಆದರೆ ಉಳಿದ ಹಣದ ಬದಲಿಗೆ ಯಾರ ಎಷ್ಟು ಹೊತ್ತು ಖರ್ಚಾಯಿತೆಂಬ ಲೆಕ್ಕವನ್ನು ಆ ಮಾತಿನಲ್ಲಿ ಯಾರೂ ಇಡುವುದಿಲ್ಲ.

ಲೆಕ್ಕ ಇಟ್ಟಿರುವ ಒಂದು ಸಮೀಕ್ಷೆಯಿದೆ. 2024ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಗಂಡಸರು 88 ನಿಮಿಷ. 2019ರಲ್ಲಿ ಇದು ಕ್ರಮವಾಗಿ 299 ಮತ್ತು 97 ಆಗಿತ್ತು. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಗಂಡಸರಿಗೂ ಒಂಬತ್ತು ನಿಮಿಷ ಉಳಿಯಿತು! ಮಕ್ಕಳನ್ನು ನೋಡಿಕೊಳ್ಳುವ ಹೊತ್ತನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಅದು ಬೇರೆ. 2021ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಜೆಪ್ಟೋದಂತಹ, ಹತ್ತು ನಿಮಿಷಗಳಲ್ಲಿ ಸಾಮಾನು ತಂದುಕೊಡುವ ಕಂಪೆನಿಗಳು ಮಾರುತ್ತಿರುವುದು ಈ ಸಮಯವನ್ನೇ. ಮಗುವಿಗೆ ಜ್ವರ ಬಂದಿರುವ ರಾತ್ರಿ ಆ ಸೇವೆಯ ಬೆಲೆ ತಾಯಿಗೆ ಗೊತ್ತು. ದಿನವೂ ಅದೇ ಅಭ್ಯಾಸವಾದರೆ ತಿಂಗಳ ಕೊನೆಗೆ ಏನಾಗುತ್ತದೆ ಎಂಬುದೂ ಗೊತ್ತು. ಕೈಯಲ್ಲಿ ಹಣವಿದ್ದವಳು ಸಮಯ ಕೊಳ್ಳುತ್ತಾಳೆ, ಇಲ್ಲದವಳು ಸಮಯ ಕೊಟ್ಟು ಹಣ ಉಳಿಸುತ್ತಾಳೆ.

ದಾದರ್ ಪರಿಸರದ ಹಿಂದಿನ ಕಥೆ ಇಲ್ಲಿ ನೆನಪಾಗುತ್ತದೆ. ಮಿತವ್ಯಯವೆಂಬುದು ಇಲ್ಲಿ ಬಹುಕಾಲ ಒಬ್ಬೊಬ್ಬ ಹೆಂಗಸಿನ ಒಂಟಿ ಸಾಹಸವಾಗಿರಲಿಲ್ಲ. ದಾದರ್ ಪೂರ್ವದ ನಾಯಗಾಂವ್‌ನಲ್ಲಿ ಗಿರಣಿ ಕಾರ್ಮಿಕರು ಸೇರಿ ಗ್ರಾಹಕ ಸಹಕಾರಿ ಮಂಡಳಿಯೊಂದನ್ನು ಕಟ್ಟಿದ್ದು 1948ರಲ್ಲಿ. ಅದುವೇ ಮುಂದೆ 'ಅಪ್ನಾ ಬಜಾರ್' ಎಂದು ಮುಂಬಯಿಯ ಮನೆಮಾತಾಯಿತು. ಪಡಿತರದ ಕೊರತೆಯ ಆ ಕಾಲದಲ್ಲಿ ತೂಕದಲ್ಲಿ ಮೋಸವಿಲ್ಲದ ಅಕ್ಕಿ, ಬೇಳೆ ಅಲ್ಲಿ ಸಿಗುತ್ತಿತ್ತು. ಸದಸ್ಯರದೇ ಅಂಗಡಿಯಾದುದರಿಂದ ಲಾಭವೂ ಸದಸ್ಯರದೇ ಆಗಿತ್ತು. 1972ರಲ್ಲಿ ಮಹಾರಾಷ್ಟ್ರದಲ್ಲಿ ಘೋರ ಬರ ಬಿದ್ದು ಧಾನ್ಯ, ಎಣ್ಣೆ, ಸಕ್ಕರೆಗಳ ಬೆಲೆ ಕೈಗೆಟುಕದಾದಾಗ ಮೃಣಾಲ್ ಗೋರೆ, ಅಹಲ್ಯಾ ರಾಂಗಣೇಕರ್, ತಾರಾ ರೆಡ್ಡಿ, ಪ್ರಮೀಳಾ ದಂಡವತೆ ಮುಂತಾದವರು ಪಕ್ಷಭೇದ ಮರೆತು ಬೆಲೆಯೇರಿಕೆ ವಿರೋಧಿ ಮಹಿಳಾ ಸಮಿತಿಯನ್ನು ಕಟ್ಟಿದರು. ಸಾವಿರಾರು ಗೃಹಿಣಿಯರು ಲಟ್ಟಣಿಗೆಯಿಂದ ತಟ್ಟೆ ಬಡಿಯುತ್ತ ಬೀದಿಗಿಳಿದರು. ಅಡುಗೆಮನೆಯ ಲೆಕ್ಕವನ್ನು ಮಂತ್ರಾಲಯದ ಬಾಗಿಲಿಗೆ ಒಯ್ದ ಚಳವಳಿ ಅದು.

1975ರಲ್ಲಿ ಎರಡು ಸಂಗತಿಗಳು ನಡೆದವು. ಗೋವಾ ವಿಮೋಚನೆಯ ಹೋರಾಟಗಾರ್ತಿ ಪ್ರೇಮಾ ಪುರವ್ ಅವರು, ಗಿರಣಿ ಕಾರ್ಮಿಕರಿಗೆ ಊಟ ಬೇಯಿಸಿ ಹಾಕಿ ಸಂಸಾರ ನಡೆಸುತ್ತಿದ್ದ ಖಾನಾವಳಿಯ ಹೆಂಗಸರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿದರು. ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದ ಆ ಹೆಂಗಸರಿಗೆ ರಾಷ್ಟ್ರೀಕೃತ ಬ್ಯಾಂಕುಗಳ ಸಾಲ ದೊರೆಯುವಂತೆ ಮಾಡಿದ್ದು ಆ ಮಂಡಳದ ಮೊದಲ ದೊಡ್ಡ ಕೆಲಸ. ಅದೇ ವರ್ಷ ಬಿಂದುಮಾಧವ ಜೋಶಿಯವರ ಮುಂದಾಳುತನದಲ್ಲಿ ಮುಂಬಯಿ ಗ್ರಾಹಕ ಪಂಚಾಯತ್ ಆರಂಭವಾಯಿತು. ಅದರ ಕ್ರಮ ತೀರ ಸರಳ. ಅಕ್ಕಪಕ್ಕದ ಹತ್ತು ಹನ್ನೆರಡು ಮನೆಗಳವರು ಒಂದು ಗುಂಪಾಗಿ ಮುಂಚಿತವಾಗಿಯೇ ತಿಂಗಳ ದಿನಸಿಯ ಪಟ್ಟಿ ಕೊಡುತ್ತಾರೆ. ಸಗಟಿನಲ್ಲಿ ಕೊಂಡ ಸಾಮಾನು ಗುಂಪಿನ ಒಬ್ಬರ ಮನೆಗೆ ಬರುತ್ತದೆ. ಅಲ್ಲಿ ಎಲ್ಲರೂ ಸೇರಿ ಹಂಚಿಕೊಳ್ಳುತ್ತಾರೆ. ಅಂಗಡಿಯ ಬಾಡಿಗೆಯಿಲ್ಲ, ಜಾಹೀರಾತಿಲ್ಲ. ಹಂಚುವ ದಿನದ ಮೂರು ತಾಸಿನ ಶ್ರಮ ಸರದಿಯಂತೆ ಎಲ್ಲರ ಪಾಲಿಗೂ ಬರುತ್ತದೆ.

ಇವೆಲ್ಲ ಸಾಧ್ಯವಾದದ್ದಕ್ಕೆ ಚಾಳಿನ ಬದುಕೂ ಒಂದು ಕಾರಣವಾಗಿತ್ತು. ನೂರರಷ್ಟು ಚದರಡಿಯ ಖೋಲಿಯಲ್ಲಿ ಸಂಸಾರ ಇಕ್ಕಟ್ಟಾಗಿದ್ದರೂ, ಮುಂದಿನ ಉದ್ದದ ಪಡಸಾಲೆ ಎಲ್ಲರದೂ ಆಗಿತ್ತು. ಹತ್ತು ಕಿಲೋ ಈರುಳ್ಳಿ ತಂದು ಐದು ಮನೆಗೆ ಹಂಚುವುದು, ಒಬ್ಬಳು ಪೇಟೆಗೆ ಹೋದರೆ ಇನ್ನೊಬ್ಬಳು ನಾಲ್ಕು ಮಕ್ಕಳನ್ನು ನೋಡಿಕೊಳ್ಳುವುದು, ದೊಡ್ಡವನ ಅಂಗಿ ಎದುರುಮನೆಯ ಚಿಕ್ಕವನಿಗೆ ಹೋಗುವುದು, ಇವಕ್ಕೆ ಯಾವ ಸಂಘದ ಠರಾವೂ ಬೇಕಿರಲಿಲ್ಲ. ಚಾಳಿನ ಬದುಕನ್ನು ನಾವು ಹೊಗಳಲು ಹೊರಟಿಲ್ಲ. ನಲ್ಲಿಯ ಮುಂದಿನ ಸಾಲು, ಹಂಚಿಕೊಂಡ ಶೌಚಾಲಯ ಯಾವ ತಾಯಿಗೂ ಬೇಡ. 2025ರ ಆಗಸ್ಟ್‌ನಲ್ಲಿ ವರ್ಳಿಯ ಬಿ.ಡಿ.ಡಿ. ಚಾಳಿನ 556 ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಗಳ ಕೀಲಿಕೈ ದೊರೆತಾಗ ಅವರ ಕಣ್ಣಲ್ಲಿ ಕಂಡ ಸಂತೋಷ ಸಹಜವಾದದ್ದೇ. ನಾಯಗಾಂವ್‌ನ ಬಿ.ಡಿ.ಡಿ. ಚಾಳುಗಳೂ ಅದೇ ಪುನರ್ನಿರ್ಮಾಣ ಯೋಜನೆಗೆ ಒಳಪಟ್ಟಿವೆ. ಆದರೆ ಗೋಪುರದಂತಹ ಕಟ್ಟಡದಲ್ಲಿ ಬಾಗಿಲು ಮುಚ್ಚಿಕೊಂಡಮೇಲೆ, ಲಿಫ್ಟು, ಕಾವಲುಗಾರ, ನೀರಿನ ಪಂಪಿನ ಖರ್ಚು ಇಂದಲ್ಲ ನಾಳೆ ಲೆಕ್ಕಕ್ಕೆ ಬರುತ್ತದೆ. ಪಡಸಾಲೆಯ ಹಂಚಿಕೆ ಮಾತ್ರ ಅಲ್ಲಿಗೆ ಏರಿ ಬರುವುದಿಲ್ಲ. ಗಿರಣಿಗಳು 1982ರ ಮುಷ್ಕರದ ಬಳಿಕ ಒಂದೊಂದಾಗಿ ಮುಚ್ಚಿದವು. ಸಹಕಾರಿ ಅಂಗಡಿಗಳು ಸೂಪರ್‌ಮಾರ್ಕೆಟ್‌ಗಳ ಪೈಪೋಟಿಯಲ್ಲಿ ನಲುಗಿದವು. ಎಲ್ಲರೂ ಕೂಡಿ ಹೊರುತ್ತಿದ್ದ ಹೊರೆ ಈಗ ಒಬ್ಬ ತಾಯಿಯ ಮೊಬೈಲಿನ ಮೂರು ನಾಲ್ಕು ಆ್ಯಪ್‌ಗಳ ನಡುವಿನ ಬೆಲೆ ಹೋಲಿಕೆಗೆ ಬಂದು ನಿಂತಿದೆ.

ಸರಕಾರದ ನೆರವಿನ ಮಾತನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಕರ್ನಾಟಕದಲ್ಲಿ 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ, ಮಹಾರಾಷ್ಟ್ರದಲ್ಲಿ 2024ರ ಜುಲೈಯಿಂದ ಲಾಡಕೀ ಬಹೀಣ್ ಯೋಜನೆಯ 1,500 ರೂಪಾಯಿ. ಎರಡನೆಯದಕ್ಕೆ ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷದೊಳಗಿರಬೇಕು. ಊರಿನಿಂದ ಮದುವೆಯಾಗಿ ಬಂದ ನಮ್ಮ ಹೆಣ್ಣುಮಕ್ಕಳು ಮಹಾರಾಷ್ಟ್ರದಲ್ಲಿ ನೆಲೆಸಿರುವ ಗಂಡನ ದಾಖಲೆಗಳನ್ನು ತೋರಿಸಬಹುದೆಂಬ ಸಡಿಲಿಕೆ ಆಮೇಲೆ ಸೇರಿತು. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮವರ ಮನೆಗಳಿಗೆ ಇದರಿಂದ ಪ್ರಯೋಜನವಾಗಿದೆ. ನೌಕರಿಯಲ್ಲಿದ್ದು ಮನೆಸಾಲದ ಕಂತು ಕಟ್ಟುವ ಮಧ್ಯಮ ವರ್ಗದವರಿಗೆ ಎರಡೂ ಇಲ್ಲ.

ಯಾವ ಮಿತವ್ಯಯಕ್ಕೂ ಬಗ್ಗದ ಖರ್ಚೊಂದಿದೆ; ಅದು ಶಾಲೆಯದು. ಶುಲ್ಕವನ್ನು ಚೌಕಾಸಿ ಮಾಡಲಾಗದು. ಪುಸ್ತಕ, ಸಮವಸ್ತ್ರಗಳನ್ನು ಹೇಳಿದ ಅಂಗಡಿಯಲ್ಲಿಯೇ ಕೊಳ್ಳಬೇಕೆಂಬ ಒತ್ತಾಯವೂ ಕೆಲವೆಡೆ ಇದೆ. ಮಗುವಿನ ಮುಖ ನೋಡಿ ಪಾಲಕರು ಬಾಯಿ ತೆರೆಯುವುದಿಲ್ಲ. ಅಕ್ಕನ ಪಠ್ಯಪುಸ್ತಕ ತಮ್ಮನಿಗಾಗುವ ಕಾಲವೂ ಸದ್ಯಕ್ಕೆ ಮುಗಿದಂತಿದೆ. ರಾಜ್ಯ ಮಂಡಳಿಯ ಶಾಲೆಗಳಲ್ಲಿ 2025-26ರಲ್ಲಿ ಒಂದನೆಯ ತರಗತಿಯಿಂದ ಹೊಸ ಪಠ್ಯಕ್ರಮ ಆರಂಭವಾಗಿದೆ. ಮಹಾನಗರ ಪಾಲಿಕೆಯ ಶಾಲೆಗಳು ಈ ಹೊರೆಯಿಂದ ಹೊರತು. ಅಲ್ಲಿ ಶುಲ್ಕವಿಲ್ಲ, ಸಮವಸ್ತ್ರ, ಚೀಲ, ಪುಸ್ತಕಗಳೂ ಸೇರಿ 27 ಬಗೆಯ ವಸ್ತುಗಳು ಉಚಿತ. ಎಂಟು ಭಾಷೆಗಳಲ್ಲಿ ಪಾಲಿಕೆ ಶಿಕ್ಷಣ ನೀಡುತ್ತ ಬಂದಿದೆ, ಅವುಗಳಲ್ಲಿ ಕನ್ನಡವೂ ಒಂದು. ನಮ್ಮಲ್ಲಿ ಎಷ್ಟು ಮಂದಿ ಆ ಬಾಗಿಲನ್ನು ತಟ್ಟಿ ನೋಡಿದ್ದೇವೆ? ಕನ್ನಡ ಮಾಧ್ಯಮದ ತರಗತಿಗಳು ಬರಿದಾಗುತ್ತಿವೆ ಎಂದು ವೇದಿಕೆಯಲ್ಲಿ ಮರುಗುವವರ ಮೊಮ್ಮಕ್ಕಳು ಯಾವ ಶಾಲೆಯಲ್ಲಿದ್ದಾರೆಂದು ಕೇಳುವುದು ಸೌಜನ್ಯವಲ್ಲ. ನಾವೂ ಆ ಸಾಲಿನವರೇ.

ಆದರೂ ಕೈಯಲ್ಲಾಗುವ ಕೆಲಸ ಇಲ್ಲದಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರಲ್ಲಿ ಹುಟ್ಟಿದ್ದು, ಕರ್ನಾಟಕ ಸಂಘ 1933ರಲ್ಲಿ. ದಾದರಿನಿಂದ ಎರಡೂ ಹೆಚ್ಚು ದೂರವಿಲ್ಲ. ಇಂತಹ ಸಂಸ್ಥೆಗಳೂ ನಮ್ಮ ಜಾತಿವಾರು ಸಂಘಗಳೂ ನಾಟಕ, ಉಪನ್ಯಾಸ, ಯಕ್ಷಗಾನಗಳಿಗೆ ಸಭಾಂಗಣ ತೆರೆಯುತ್ತ ಬಂದಿವೆ; ವಿದ್ಯಾರ್ಥಿವೇತನವನ್ನೂ ಹಂಚುತ್ತವೆ. ಏಪ್ರಿಲ್ ತಿಂಗಳ ಒಂದು ಭಾನುವಾರ ಸಭಾಂಗಣದಲ್ಲಿ ನಾಲ್ಕು ಮೇಜು ಹಾಕಿ ಕೇಂದ್ರೀಯ ಮಂಡಳಿಗಳ ಪಠ್ಯಪುಸ್ತಕ, ಗಿಡ್ಡವಾದ ಸಮವಸ್ತ್ರ, ಮಳೆಗಾಲದ ಕೋಟು, ಮಗು ಬಿಟ್ಟ ಸೈಕಲ್ಲುಗಳನ್ನು ಕೈಬದಲಿಸಿಕೊಳ್ಳಲು ಅನುವು ಮಾಡಿದರೆ ಹೆಚ್ಚಿನ ಖರ್ಚೇನೂ ಬಾರದು. ಹಳೆಯ ಬಟ್ಟೆ ಪಡೆಯುವುದು ಮಾನಕ್ಕೆ ಕಡಿಮೆ ಎಂಬ ಸಂಕೋಚ ನೆಲೆಗೊಂಡ ಕುಟುಂಬಗಳಲ್ಲಿಯೇ ಹೆಚ್ಚು. ಅದಕ್ಕೆ ಮದ್ದು ಒಂದೇ: ಮೊದಲ ವರ್ಷ ಪದಾಧಿಕಾರಿಗಳ ಮನೆಯವರೇ ಕೊಡುವುದರ ಜತೆಗೆ ಕೊಂಡೊಯ್ಯಲೂ ಬೇಕು. ಗ್ರಾಹಕ ಪಂಚಾಯತಿನ ಮಾದರಿಯಲ್ಲಿ ಒಂದೇ ಕಟ್ಟಡದ ಹತ್ತು ಮನೆಗಳು ಊರಿನ ಕುಚ್ಚಲಕ್ಕಿ, ತೆಂಗಿನೆಣ್ಣೆ, ಬ್ಯಾಡಗಿ ಮೆಣಸನ್ನು ಒಟ್ಟಾಗಿ ತರಿಸಿಕೊಳ್ಳುವುದೂ ಕಷ್ಟವಲ್ಲ.

ಕೊನೆಗೆ, ಉಳಿದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಮುಂಬಯಿಯ ಹೆಂಗಸರಿಗೆ ಭಿಶಿ ಹೊಸತಲ್ಲ. ಹನ್ನೆರಡು ಮಂದಿ ತಿಂಗಳಿಗೆ ಎರಡು ಸಾವಿರದಂತೆ ಹಾಕಿ ಸರದಿಯಲ್ಲಿ 24,000 ಎತ್ತುವುದು ನಂಬಿಕೆಯ ಮೇಲೆ ನಡೆಯುವ ವ್ಯವಹಾರ. ನಂಬಿಕೆ ಕೆಟ್ಟರೆ ಕಾಗದವಿಲ್ಲ. ಕಾಗದವಿದ್ದ ಕಡೆಯೂ ಆತಂಕ ತಪ್ಪಿದ್ದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಎಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಮೊದಲಿಗೆ ಹಿಂತೆಗೆಯಲು ಬಿಟ್ಟದ್ದು ಕೇವಲ 1,000 ರೂಪಾಯಿ. 2025ರ ಫೆಬ್ರವರಿಯಲ್ಲಿ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿನ ಗ್ರಾಹಕರು ಅದೇ ಬಗೆಯ ಸಾಲಿನಲ್ಲಿ ನಿಂತರು. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಐದು ಲಕ್ಷದವರೆಗೆ ವಿಮೆಯಿದೆ. ಹೆಣ್ಣುಮಗುವಿಗೆ ಹತ್ತು ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಿ 250 ರೂಪಾಯಿಯಿಂದ ತೆರೆಯಬಹುದಾದ ಸುಕನ್ಯಾ ಸಮೃದ್ಧಿ ಖಾತೆ 2015ರಿಂದ ಇದೆ.

ಇವಕ್ಕಿಂತ ಮುಖ್ಯವಾದದ್ದು ಖಾತೆಯ ಮೇಲಿನ ಹೆಸರು. ನಸುಕಿಗೆದ್ದು ಉಳಿಸಿದ್ದು ಆಕೆ, ಠೇವಣಿಯ ರಸೀದಿಯಲ್ಲಿರುವುದು ಆತನ ಹೆಸರು ಎಂಬುದು ನಮ್ಮ ಎಷ್ಟೋ ಮನೆಗಳ ಸ್ಥಿತಿ. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೂ ಆದಾಯ ಲೆಕ್ಕ ಹಾಕಬೇಕೆಂದು ಸಮಯ ಬಳಕೆ ಸಮೀಕ್ಷೆಯ ಅಂಕಿಗಳನ್ನೇ ಆಧರಿಸಿ ಹೇಳಿತು. 2024ರ ಜುಲೈ 10ರಂದು ಜೀವನಾಂಶದ ತೀರ್ಪೊಂದರಲ್ಲಿ, ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನಾ ಅವರು ಇನ್ನಷ್ಟು ಮನೆಯ ಮಾತನ್ನೇ ಆಡಿದರು: ಸ್ವಂತ ಆದಾಯವಿಲ್ಲದ ಹೆಂಡತಿಯ ಅಸಹಾಯಕತೆಯನ್ನು ಗಂಡ ಅರಿಯಬೇಕು, ಜಂಟಿ ಖಾತೆ, ಎಟಿಎಂ ಕಾರ್ಡುಗಳ ಮೂಲಕ ಆಕೆಗೂ ಹಣ ಕೈಗೆ ಸಿಗುವಂತಿರಬೇಕು ಎಂದು. ಆಕೆಯನ್ನು ಬರೇ ನಾಮಿನಿಯಾಗಿಸಿದರೆ, ಗಂಡ ಬದುಕಿರುವಷ್ಟು ಕಾಲ ಆ ಹಣ ಆಕೆಯ ಕೈಗೆ ಬಾರದು. ಆಸ್ಪತ್ರೆಯ ಹಾಸಿಗೆಯಲ್ಲಿ ಗಂಡ ಮಲಗಿರುವಾಗ ಬೇಕಾಗುವುದು ಆಕೆಯದೇ ಸಹಿ ನಡೆಯುವ ಖಾತೆ.

'ಇಬ್ಬರಲ್ಲಿ ಯಾರಾದರೂ ಒಬ್ಬರು' ವ್ಯವಹರಿಸಬಹುದಾದ ಜಂಟಿ ಖಾತೆಗೆ ಇಬ್ಬರ ಭಾವಚಿತ್ರ, ಆಧಾರ್, ಪ್ಯಾನ್ ಕಾರ್ಡು ಮತ್ತು ಸಹಿ ಬೇಕು. ಬ್ಯಾಂಕು ತೆರೆಯುವ ಹೊತ್ತಿಗೆ ಇಬ್ಬರೂ ಹೋಗಬೇಕಾಗುತ್ತದೆ. ಅರ್ಧ ದಿನದ ರಜೆ ಹಾಕಿದ ಆ ದಿನ ಮಗುವನ್ನು ಶಾಲೆಗೆ ಬಿಡುವ ಕೆಲಸ ತಂದೆಯದಾದರೆ, ಬಸ್ಸಿನ ಟಿಕೇಟು ಈಗ ಹತ್ತು ರೂಪಾಯಿ ಎಂಬುದು ಆತನಿಗೂ ತಿಳಿದೀತು.